ಯಾರ ಹೆಗಲ ಶಿಲುಬೆ

ಅಂಜನಾಪುರದ ಜಲಾಶಯದ ಕೆಳಗಿನ ಗದ್ದೆಗಳಲ್ಲಿ ಹೆಂಗಸರು ಕಳೆ ಕೀಳುತ್ತ ಭಾಗೀರಥಿಯ ಹಾಡು ಹೇಳುತ್ತಿದ್ದ ಕಾಲದಲ್ಲಿ ನಾನು ಬೆಳೆದೆ. ‘ಕೆರೆಗೆ ಹಾರ’ದ ಕಥೆ ಕನ್ನಡ ಬಲ್ಲವರಿಗೆ ಹೊಸದಲ್ಲ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರು ಬರುವುದಿಲ್ಲ. ಶಾಸ್ತ್ರ ಕೇಳಿಸಿದರೆ ಸೊಸೆಯನ್ನು ಹಾರ ಕೊಡಬೇಕು ಎಂದು ಬರುತ್ತದೆ. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನ ಹೋದೀತು, ಕಿರಿಯವಳಾದರೆ ಆದೀತು ಎಂದು ಮನೆಯವರೇ ಕೂತು ಲೆಕ್ಕ ಹಾಕುತ್ತಾರೆ. ಕಿರಿಸೊಸೆ ಭಾಗೀರಥಿಗೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಆದರೂ ಅವಳಿಗೆ ಗೊತ್ತಾಗುತ್ತದೆ. ತವರಿಗೆ ಹೋಗಿ ಬರುತ್ತಾಳೆ, ನೀರೆರೆದುಕೊಳ್ಳುತ್ತಾಳೆ, ಗಂಗಮ್ಮನ ಪೂಜೆಗೆ ಎಲ್ಲರೊಂದಿಗೆ ನಡೆಯುತ್ತಾಳೆ. ಮರೆತುಬಂದ ಬಟ್ಟಲು ತರಲು ಅವಳೊಬ್ಬಳೇ ಹಿಂತಿರುಗಿದಾಗ ನೀರು ಪಾದಕ್ಕೆ, ಮೊಣಕಾಲಿಗೆ, ನಡುವಿಗೆ, ಎದೆಗೆ ಏರುತ್ತದೆ. ದಂಡಿನಿಂದ ಬಂದ ಗಂಡ ಮಾದೇವರಾಯ ಸುದ್ದಿ ತಿಳಿದು ತಾನೂ ಅದೇ ಕೆರೆಗೆ ಹಾರುತ್ತಾನೆ.

ನಮ್ಮ ಜಲಾಶಯಕ್ಕೆ ಯಾರನ್ನೂ ಹಾರ ಕೊಟ್ಟಿರಲಿಲ್ಲ. ಹುಂಚದ ಕಡೆ ಹುಟ್ಟಿ ಶಿಕಾರಿಪುರದ ಬಯಲಿಗೆ ಇಳಿಯುವ ಕುಮುದ್ವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು ಅದು. ಎಂಜಿನಿಯರುಗಳು, ಕೂಲಿಯವರು, ಕಲ್ಲು ಗಾರೆ ಸೇರಿ ಎಬ್ಬಿಸಿದ್ದು. ಒಳ್ಳೆಯ ಮಳೆಗಾಲದಲ್ಲಿ ತುಂಬಿ ಕೋಡಿ ಬಿದ್ದರೆ ಸುತ್ತಲಿನ ಊರಿನ ಜನ ನೋಡಲು ಬರುತ್ತಿದ್ದರು. ಆದರೂ ಪಕ್ಕದ ಮನೆಯ ಅಜ್ಜಿ ಏರಿಯ ಕಡೆ ಕೈ ತೋರಿಸಿ, “ಇಷ್ಟು ದೊಡ್ಡ ಏರಿ ಸುಮ್ನೆ ನಿಲ್ತದೇನೆ ಹುಡುಗಿ, ಒಂದು ಜೀವ ತಿಂದಿರ್ತದೆ” ಎನ್ನುತ್ತಿದ್ದಳು. ಮಳೆಗಾಲದ ರಾತ್ರಿ ತೂಬಿನ ಸದ್ದು ಕೇಳಿದಾಗೆಲ್ಲ ಯಾರೋ ಹೆಣ್ಣುಮಗಳು ಒಳಗಿದ್ದಾಳೆ ಎಂದು ನಾನು ನಂಬಿದ್ದೆ.

ನಮ್ಮದು ಕಥೋಲಿಕ ಮನೆ. ಅಪ್ಪ ಗಾರೆ ಕೆಲಸದವರು. ನಾಲೆ ರಿಪೇರಿಗೆಂದು ಬಂದವರು ಅಲ್ಲೇ ನೆಲೆ ನಿಂತರು. ಆ ಕಡೆ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಶಿವಮೊಗ್ಗ ಧರ್ಮಪ್ರಾಂತ್ಯ ಆದದ್ದು 1988ರಲ್ಲಿ. ಅದಕ್ಕೆ ಮುಂಚೆ ನಮ್ಮ ಬಿಷಪರು ಇದ್ದದ್ದು ದೂರದ ಚಿಕ್ಕಮಗಳೂರಿನಲ್ಲಿ. ಸ್ವಾಮಿಗಳು ಬಂದರೆ ಪೂಜೆ, ಬಾರದಿದ್ದರೆ ಉಪದೇಶಿಯವರು ಮನೆಯೊಂದರಲ್ಲಿ ಸೇರಿಸಿ ಜಪಸರ ಹೇಳಿಸುತ್ತಿದ್ದರು. ಬೂದಿ ಬುಧವಾರದಿಂದ ಮುಂದಕ್ಕೆ, ತಪಸ್ಸು ಕಾಲದ ಪ್ರತಿ ಶುಕ್ರವಾರ ಸಂಜೆ, ಶಿಲುಬೆ ಹಾದಿ. ಹದಿನಾಲ್ಕು ಸ್ಥಳಗಳ ಚಿತ್ರಗಳನ್ನು ಗೋಡೆಗೆ ಸಾಲಾಗಿ ಅಂಟಿಸಿರುತ್ತಿದ್ದರು. ಒಂದೊಂದರ ಮುಂದೆ ಮೊಣಕಾಲೂರಿ ಏಳಬೇಕು. ಪಿಲಾತನ ತೀರ್ಪಿನಿಂದ ಸಮಾಧಿಯವರೆಗೆ ನಡೆದು ಮುಗಿಸುವಾಗ ಹೊರಗೆ ಕತ್ತಲಾಗಿರುತ್ತಿತ್ತು.

ಗದ್ದೆಯ ಹಾಡು, ಶುಕ್ರವಾರದ ಹಾದಿ ಎರಡೂ ನನ್ನ ತಲೆಯಲ್ಲಿ ಬೆರೆತುಹೋದವು. ಅಲ್ಲೂ ತಪ್ಪಿಲ್ಲದ ಒಂದು ಜೀವ, ಇಲ್ಲೂ ತಪ್ಪಿಲ್ಲದ ಒಂದು ಜೀವ. ಅಲ್ಲಿ ಊರಿಗೆ ನೀರು ಬರಲಿ ಎಂದು, ಇಲ್ಲಿ ಲೋಕಕ್ಕೆ ರಕ್ಷಣೆ ಬರಲಿ ಎಂದು. ಇಬ್ಬರೂ ಬಾಯಿ ಮುಚ್ಚಿಕೊಂಡು ನಡೆದರು. ಹಾಗಾದರೆ ಭಾಗೀರಥಿಯ ಕಥೆಯಲ್ಲಿ ಮಲ್ಲನಗೌಡ ಇದ್ದ ಜಾಗದಲ್ಲಿ ಇಲ್ಲಿ ಯಾರಿದ್ದಾರೆ? ತಮ್ಮ ಮಗನನ್ನೇ ಕೊಟ್ಟರು ಎಂದು ನಾವು ಹಾಡುತ್ತಿದ್ದದ್ದು ತಂದೆ ದೇವರ ಬಗ್ಗೆಯೇ ಅಲ್ಲವೆ? ನನಗೆ ದೇವರೆಂದರೆ ಹೆದರಿಕೆ ಶುರುವಾದದ್ದು ಹೀಗೆ.

ಉಪದೇಶಿಯವರನ್ನು ಕೇಳಿದೆ. ಒಳ್ಳೆಯ ಮನುಷ್ಯ, ಸಿಡುಕಲಿಲ್ಲ. ನಮ್ಮ ಊರುಗಳಲ್ಲಿ ಎಲ್ಲರೂ ಕಂಡಿದ್ದ ಜೀತದ ಲೆಕ್ಕದಲ್ಲಿ ತಿಳಿಸಿ ಹೇಳಿದರು. ತಾತ ಮಾಡಿದ ಸಾಲಕ್ಕೆ ಮೊಮ್ಮಗ ಸಾಹುಕಾರನ ಮನೆಯಲ್ಲಿ ದುಡಿಯುತ್ತಾನೆ, ತೀರುವುದೇ ಇಲ್ಲ, ಒಬ್ಬ ಬಂದು ಎಲ್ಲ ಕಟ್ಟಿ ಬಿಡಿಸುತ್ತಾನೆ, ಆ ಒಬ್ಬ ಏಸುಸ್ವಾಮಿ ಎಂದರು. ಬಿಡುಗಡೆಯ ಮಾತು ಮನಸ್ಸಿಗೆ ಹಿತವಾಯಿತು. ಸಾಹುಕಾರ ಯಾರು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಜೀತ ಪದ್ಧತಿಯನ್ನು ರದ್ದು ಮಾಡಿದ ಕಾನೂನು 1976ರಲ್ಲಿ ಬಂತು. ಆ ಸಾಲಗಳನ್ನು ಯಾರೂ ಕಟ್ಟಬೇಕಿಲ್ಲ, ಅವು ಸಾಲವೇ ಅಲ್ಲ ಎಂದು ಸರ್ಕಾರವೇ ಹೇಳಿತು. ದೇವರು ಸರ್ಕಾರಕ್ಕಿಂತ ಕಡಿಮೆ ಕರುಣೆಯವನೆ?

ಈ ಪ್ರಶ್ನೆ ಎಂಟುನೂರು ವರ್ಷಕ್ಕೂ ಹಳೆಯದು ಎಂದು ಬಹಳ ವರ್ಷಗಳ ನಂತರ ಓದಿ ತಿಳಿದೆ. 1109ರಲ್ಲಿ ತೀರಿಕೊಂಡ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ ಸಾಲದ ಭಾಷೆಯಲ್ಲೇ ಯೋಚಿಸಿದವರು. ಪಾಪದಿಂದ ದೇವರ ಮಾನಕ್ಕೆ ಕುಂದು ಬಂದಿದೆ, ಮನುಷ್ಯ ಅದನ್ನು ತುಂಬಿಕೊಡಬೇಕು, ಆದರೆ ತುಂಬಲು ಅವನಿಂದ ಆಗದು, ಆದ್ದರಿಂದ ದೇವರೇ ಮನುಷ್ಯನಾಗಿ ತುಂಬಿದ ಎಂಬುದು ಅವರ ವಾದ. ಅವರ ಮುಂದಿನ ತಲೆಮಾರಿನ ಪೀಟರ್ ಅಬೆಲಾರ್ಡ್‌ಗೆ ಇದು ಒಪ್ಪಿಗೆಯಾಗಲಿಲ್ಲ. ನಿರಪರಾಧಿಯ ರಕ್ತ ಕಂಡು ದೇವರಿಗೆ ಸಮಾಧಾನವಾಯಿತು ಎನ್ನುವುದು ಕ್ರೌರ್ಯ, ಶಿಲುಬೆಯಲ್ಲಿ ಕಾಣುವುದು ದೇವರ ಪ್ರೀತಿ, ಅದನ್ನು ಕಂಡು ಬದಲಾಗಬೇಕಾದದ್ದು ನಮ್ಮ ಹೃದಯ ಎಂದು ಅಬೆಲಾರ್ಡ್ ಬರೆದರು. ಶಿಲುಬೆ ಹೇಗೆ ರಕ್ಷಿಸುತ್ತದೆ ಎಂಬುದಕ್ಕೆ ಧರ್ಮಸಭೆ ಒಂದೇ ವಿವರಣೆಯನ್ನು ಎಲ್ಲರೂ ಒಪ್ಪಲೇಬೇಕಾದ ಸಿದ್ಧಾಂತವಾಗಿ ಸಾರಿಲ್ಲ. ಇದನ್ನು ಓದಿದ ದಿನ ನನ್ನ ಎದೆಯ ಮೇಲಿನ ಹಳೆಯ ಭಾರ ಎಷ್ಟೋ ಇಳಿಯಿತು.

ಆದರೆ ನಿಜವಾದ ಉತ್ತರ ನನಗೆ ಸಿಕ್ಕಿದ್ದು ಅವ್ವನಿಂದ, ಅದೂ ಚಿಕ್ಕಂದಿನಲ್ಲೇ. ಒಂದು ಶುಕ್ರವಾರ ರಾತ್ರಿ ನಾನು ದೇವರನ್ನು ಗೌಡನಿಗೆ ಹೋಲಿಸಿ ಅತ್ತೆ. ಅವ್ವ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ಆ ಹಾಡಿನಲ್ಲಿ ಗೌಡ ದಡದ ಮೇಲೆ ನಿಂತ, ಸೊಸೇನ ಇಳಿಸಿದ. ಇಲ್ಲಿ ಗೌಡನೇ ಇಳಿದ ಅಂತ ತಿಳ್ಕೋ” ಎಂದಳು. ಅಷ್ಟೇ. ಅವ್ವ ಏಳನೇ ತರಗತಿಯವರೆಗೆ ಓದಿದವಳು. ತಂದೆ, ಮಗ, ಪವಿತ್ರಾತ್ಮ ಒಂದೇ ದೇವರು ಎಂಬ ತ್ರೈಯೇಕದ ಸಿದ್ಧಾಂತ ಬಲಿಯ ವಿಚಾರದಲ್ಲಿ ಯಾಕೆ ಬೇಕೇಬೇಕು ಎಂದು ಅವಳಷ್ಟು ಸ್ಪಷ್ಟವಾಗಿ ಹೇಳಿದವರನ್ನು ನಾನು ಆಮೇಲೆ ಪುಸ್ತಕಗಳಲ್ಲೂ ಕಂಡಿಲ್ಲ. ಕೊಡುವವನೊಬ್ಬ, ಕೊಡಲ್ಪಡುವವನು ಇನ್ನೊಬ್ಬ ಎಂದಾದರೆ ಅದು ಕಲ್ಲನಕೇರಿಯ ಕಥೆಯೇ. ದಡದಲ್ಲಿ ಯಾರೂ ಉಳಿದಿಲ್ಲ, ಇಳಿದವನೇ ದೇವರು ಎಂದಾಗ ಅದು ಕ್ರೈಸ್ತ ವಿಶ್ವಾಸ.

ನಮ್ಮ ಸೀಮೆಗೆ ಬಲಿದಾನದ ನೆನಪುಗಳೇನೂ ಕಡಿಮೆಯಿಲ್ಲ. ಬಳ್ಳಿಗಾವಿ, ಬಂದಳಿಕೆ, ಸೊರಬದ ಉದ್ರಿ, ಎಲ್ಲಿ ಹೋದರೂ ವೀರಗಲ್ಲುಗಳು. ಶಾಲೆಯಿಂದ ಬಳ್ಳಿಗಾವಿಗೆ ಕರೆದುಕೊಂಡು ಹೋದಾಗ ಮೇಷ್ಟರು ಕಲ್ಲನ್ನು ಕೆಳಗಿನಿಂದ ಓದುವುದು ಕಲಿಸಿದರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಒಯ್ಯುತ್ತಿರುವ ದನ, ಅಡ್ಡ ನಿಂತ ವೀರ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನದರಲ್ಲಿ ಲಿಂಗದ ಮುಂದೆ ಕುಳಿತಿದ್ದಾನೆ. ಊರಿನ ದನ ಕಾಯಲು, ಹೆಣ್ಣುಮಕ್ಕಳ ಮಾನ ಕಾಯಲು ಸತ್ತವರನ್ನು ಊರು ಹೀಗೆ ನೆನೆಯಿತು. ಇದು ದೊಡ್ಡ ನೆನಪು. ನಾನದನ್ನು ಗೌರವದಿಂದಲೇ ನೋಡುತ್ತೇನೆ. ಆದರೆ ಶಿಲುಬೆಯ ಮುಂದೆ ನಿಂತಾಗ ವ್ಯತ್ಯಾಸ ಹೊಳೆಯುತ್ತದೆ. ಶುಭ ಶುಕ್ರವಾರ ನಾವು ಕೆಳಗಿನ ಪಟ್ಟಿಕೆಯಲ್ಲೇ ನಿಂತುಬಿಡುತ್ತೇವೆ. ಆ ದಿನ ಪೂಜೆಯಿಲ್ಲ, ಗಂಟೆಯಿಲ್ಲ, ಬಲಿಪೀಠದ ಮೇಲೆ ಬಟ್ಟೆಯೂ ಇಲ್ಲ. ಅಲ್ಲಿರುವವನು ಕತ್ತಿ ಹಿಡಿದು ಸತ್ತವನೂ ಅಲ್ಲ. ರೋಮನರ ಕಾಲದಲ್ಲಿ ಶಿಲುಬೆ ಗುಲಾಮರಿಗೆ, ದಂಗೆಕೋರರಿಗೆ ಮೀಸಲಾಗಿದ್ದ ಸಾವು. ಸ್ಪಾರ್ಟಕಸ್‌ನ ದಂಗೆ ಮುರಿದ ಮೇಲೆ, ಕ್ರಿ.ಪೂ. 71ರಲ್ಲಿ, ಕಾಪುವಾದಿಂದ ರೋಮ್‌ವರೆಗಿನ ಹೆದ್ದಾರಿಯುದ್ದಕ್ಕೂ 6,000 ಗುಲಾಮರನ್ನು ಹೀಗೆ ತೂಗುಹಾಕಿದ್ದರು. ಅವರಲ್ಲಿ ಒಬ್ಬನಿಗೂ ಯಾರೂ ಕಲ್ಲು ನಿಲ್ಲಿಸಲಿಲ್ಲ. ನಮ್ಮ ದೇವರು ಸತ್ತದ್ದು ಆ ಸಾಲಿನಲ್ಲಿ, ಹೆಸರಿಲ್ಲದವರ ಜೊತೆಯಲ್ಲಿ. ಅದೇ ನನಗೆ ಮುಖ್ಯ.

ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ. ಆದರೂ ಏಸುವಿನ ಕೊನೆಯ ದಿನವನ್ನೇ ಹಿಡಿದು ‘ಗೊಲ್ಗೊಥಾ’ ಬರೆದರು, ಬುದ್ಧನ ಕೊನೆಯ ದಿನವನ್ನು ಹಿಡಿದು ‘ವೈಶಾಖಿ’ ಬರೆದರು. ಕನ್ನಡದ ಒಬ್ಬ ದೊಡ್ಡ ಕವಿಗೆ ಆ ಶುಕ್ರವಾರ ತನ್ನದೇ ಎನ್ನಿಸಿತಲ್ಲ ಎಂದು ಕಾಲೇಜಿನಲ್ಲಿ ನನಗೆ ಹೆಮ್ಮೆಯಾಗಿತ್ತು. ಈಗಲೂ ಆಗುತ್ತದೆ.

ಬಲಿಯ ಪ್ರಶ್ನೆ ಅವ್ವನ ಮಾತಿನಿಂದ ಸ್ವಲ್ಪ ತಿಳಿಯಾಯಿತು. ನೋವಿನ ಪ್ರಶ್ನೆ ಬೇರೆ. ಅದು ಎದುರಾದದ್ದು ಸೊರಬದಲ್ಲಿ.

ಅವ್ವ ಸರ್ಕಾರಿ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕಿದ್ದಳು. ಕೆಲವು ವರ್ಷ ಅವಳನ್ನು ಸೊರಬ ತಾಲ್ಲೂಕಿಗೆ ಹಾಕಿದ್ದರು. ರಜೆಯಲ್ಲಿ ನಾನು ಅವಳ ಜೊತೆ ಹೋಗಿ ಇರುತ್ತಿದ್ದೆ. ಅದು ಮಂಗನ ಕಾಯಿಲೆಯ ಸೀಮೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಹಿಂದೆಯೇ ಜನರಿಗೂ ಜ್ವರ ಹತ್ತಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮೊದಲು ಹಳದಿ ಜ್ವರವಿರಬಹುದೆಂದು ಗಾಬರಿಗೊಂಡರು. ಹುಡುಕಿದಾಗ ಸಿಕ್ಕಿದ್ದು ಲೋಕಕ್ಕೆ ಗೊತ್ತಿಲ್ಲದ ಹೊಸ ವೈರಸ್. ನಮ್ಮ ಕ್ಯಾಸನೂರಿನ ಹೆಸರು ವೈದ್ಯಕೀಯ ಪುಸ್ತಕಗಳಿಗೆ ಸೇರಿದ್ದು ಹೀಗೆ. ಕಾಡಿನ ಉಣುಗು ಕಚ್ಚಿ ಬರುವ ಜ್ವರ ಅದು. ಚಳಿ ಮುಗಿಯುವ ಹೊತ್ತಿಗೆ, ತರಗೆಲೆ ಒಣಗಿದಾಗ, ಉಣುಗಿನ ಮರಿಗಳು ಮೈಗೆ ಹತ್ತುತ್ತವೆ. ಜನವರಿಯಿಂದ ಮೇವರೆಗೆ ಅದರ ಕಾಲ. ಅಂದರೆ ಹೆಚ್ಚುಕಡಿಮೆ ನಮ್ಮ ತಪಸ್ಸು ಕಾಲವೂ ಅದರೊಳಗೇ ಬರುತ್ತದೆ. ಕಾಯಿಲೆ ಬೀಳುವವರು ಸೌದೆಗೆ ಹೋದವರು, ದರಗು ಗುಡಿಸಲು ಹೋದವರು, ದನ ಮೇಯಿಸಲು ಹೋದವರು. ಗ್ಯಾಸ್ ಒಲೆ ಇದ್ದ ಮನೆಯವರು ಬಹಳ ಮಂದಿ ಬೀಳುತ್ತಿರಲಿಲ್ಲ.

ಜ್ವರ ಒಮ್ಮೆಗೇ ಏರುತ್ತದೆ. ತಲೆ ಒಡೆದುಹೋಗುವ ನೋವು, ಸೊಂಟ, ಮೀನಖಂಡ ಹಿಡಿದು ಹಿಂಡುವ ನೋವು. ಕಣ್ಣು ಕೆಂಪಾಗುತ್ತವೆ. ಕೆಲವರಿಗೆ ಮೂಗು, ಒಸಡುಗಳಿಂದ ರಕ್ತ. ಬಿಟ್ಟಿತು ಎಂದು ಮನೆಗೆ ಹೋದವರಿಗೆ ವಾರ ಎರಡು ವಾರದ ಮೇಲೆ ಮರಳಿ ಬರುವುದೂ ಉಂಟು. ಇದಕ್ಕೆಂದೇ ಔಷಧ ಆಗಲೂ ಇರಲಿಲ್ಲ, ಇವತ್ತಿಗೂ ಇಲ್ಲ. ಲಸಿಕೆಯೊಂದನ್ನು ಬಹಳ ವರ್ಷ ಹಾಕಿದರು, ಆಮೇಲೆ ಅದು ಸಾಲದು ಎಂದು ನಿಲ್ಲಿಸಿದರು. ನೀರು ಕುಡಿಸುವುದು, ಗ್ಲೂಕೋಸ್ ಏರಿಸುವುದು, ರಕ್ತ ಒರೆಸುವುದು, ಹಾಸಿಗೆ ಬದಲಿಸುವುದು, ಪಕ್ಕದಲ್ಲಿ ಕೂರುವುದು. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಇಷ್ಟರಲ್ಲೇ ಬದುಕುತ್ತಾರೆ, ಕೆಲವರು ಹೋಗಿಬಿಡುತ್ತಾರೆ. ಅವ್ವ ಆ ಕೆಲಸ ಮಾಡುವುದನ್ನು ನಾನು ವರಾಂಡದ ಕಂಬಕ್ಕೆ ಒರಗಿ ನೋಡಿದ್ದೇನೆ.

ಸೌದೆ ತರುವ ಒಬ್ಬ ಹೆಂಗಸನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ತಂದಿದ್ದರು. ಅವಳ ಗಂಡ ಅವ್ವನ ಹತ್ತಿರ ಮತ್ತೆ ಮತ್ತೆ ಕೇಳಿದ: “ಯಾವ ಪಾಪಕ್ಕೆ ಅಕ್ಕಾ? ನಾವು ಯಾರಿಗೆ ಏನು ಮಾಡಿದ್ವಿ?” ಅವ್ವ ಏನೂ ಹೇಳಲಿಲ್ಲ. ಅವನಿಗೆ ಚಹಾ ತರಿಸಿಕೊಟ್ಟು ಮತ್ತೆ ಹಾಸಿಗೆಯ ಹತ್ತಿರ ಹೋದಳು. ಆ ಹೆಂಗಸು ಉಳಿಯಲಿಲ್ಲ. ನೀನು ಯಾಕೆ ಏನೂ ಹೇಳಲಿಲ್ಲ, ಏಸುಸ್ವಾಮಿಯ ಕಷ್ಟದ ಬಗ್ಗೆ ಹೇಳಬಹುದಿತ್ತಲ್ಲ ಎಂದು ನಾನು ಕೇಳಿದೆ. “ಅವನ ಹೆಂಡತಿ ಸಾಯ್ತಿರೋವಾಗ ನಾನು ಪಾಠ ಹೇಳ್ಲಾ?” ಎಂದಳು ಅವ್ವ.

ಬೈಬಲಿನಲ್ಲಿ ಯೋಬನ ಗ್ರಂಥ ಓದುವಾಗಲೆಲ್ಲ ನನಗೆ ಆ ವರಾಂಡ ನೆನಪಾಗುತ್ತದೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕುಳಿತ ಯೋಬನ ಹತ್ತಿರ ಮೂವರು ಗೆಳೆಯರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ನೆಲದ ಮೇಲೆ ಅವನ ಜೊತೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದದ್ದೇ ತಡ, ನೀನೇನೋ ಪಾಪ ಮಾಡಿರಬೇಕು ಎಂದು ಶುರು ಮಾಡಿದರು. ಕೊನೆಯಲ್ಲಿ ದೇವರು ಸಿಟ್ಟಾಗುವುದು ಪ್ರಶ್ನೆ ಕೇಳಿದ ಯೋಬನ ಮೇಲಲ್ಲ, ವಿವರಣೆ ಕೊಟ್ಟ ಗೆಳೆಯರ ಮೇಲೆ. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪ, ಇವನದೋ ಇವನ ತಂದೆತಾಯಿಯದೋ ಎಂದು ಶಿಷ್ಯರು ಕೇಳಿದಾಗ ಏಸು ಎರಡನ್ನೂ ಅಲ್ಲವೆಂದು ತಳ್ಳಿಹಾಕಿ ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಲು ಬಗ್ಗಿದರು. ಅವರಿಗೆ ಎದುರಾದ ರೋಗಿಗಳಲ್ಲಿ ಒಬ್ಬರಿಗೂ ಅವರು ಈ ರೋಗ ನಿನಗೆ ಒಳ್ಳೆಯದು, ಇಟ್ಟುಕೋ ಎಂದದ್ದು ನಾಲ್ಕು ಶುಭಸಂದೇಶಗಳಲ್ಲಿ ಎಲ್ಲೂ ಇಲ್ಲ. ತಮ್ಮ ಸರದಿ ಬಂದಾಗಲೂ ಗೆತ್ಸೆಮನೆಯ ತೋಟದಲ್ಲಿ ಇದು ತಪ್ಪಿಹೋಗಲಿ ಎಂದೇ ಮೊದಲು ಬೇಡಿಕೊಂಡರು. ನೋವನ್ನು ಪ್ರೀತಿಸಿದ ಮನುಷ್ಯನಲ್ಲ ಅವರು. ಕ್ರೈಸ್ತರು ನೋವನ್ನೇ ಪೂಜಿಸುತ್ತಾರೆ ಎಂದು ಹೊರಗಿನವರು ಹೇಳಿದಾಗ ನನಗೆ ಬೇಸರವಾಗುತ್ತದೆ. ಒಳಗಿನವರೇ ಹಾಗೆ ನಡೆದುಕೊಂಡಾಗ ಅದಕ್ಕಿಂತ ಹೆಚ್ಚು.

ಚಿಕ್ಕಮ್ಮನ ವಿಷಯ ಹೇಳಬೇಕಾದದ್ದು ಇಲ್ಲೇ. ಅವ್ವನ ಕೊನೆಯ ತಂಗಿ. ದೂರದ ಪೇಟೆಯೊಂದಕ್ಕೆ ಕೊಟ್ಟಿದ್ದರು. ಗಂಡ ಕುಡಿಯುತ್ತಿದ್ದ, ಹೊಡೆಯುತ್ತಿದ್ದ. ಒಂದು ತಪಸ್ಸು ಕಾಲದಲ್ಲಿ ಅವಳು ಕಣ್ಣಿನ ಕೆಳಗೆ ನೀಲಿಗಟ್ಟಿದ ಮುಖ ಹೊತ್ತು ಅಂಜನಾಪುರದ ನಮ್ಮ ಮನೆಗೆ ಬಂದಳು. ಅಪ್ಪ ಏನೂ ಕೇಳದೆ ಅವಳ ಟ್ರಂಕು ಒಳಗಿಟ್ಟರು. ನಾಲ್ಕಾರು ದಿನಕ್ಕೆ ಸಭೆಯ ಹಿರಿಯರೊಬ್ಬರು, ಅವರ ಜೊತೆ ಧ್ಯಾನಕೂಟ ನಡೆಸಲು ಬಂದಿದ್ದ ಬೋಧಕರೊಬ್ಬರು ಮನೆಗೆ ಬಂದು ಕುಳಿತರು. ಮದುವೆ ಪವಿತ್ರ ಸಂಸ್ಕಾರ, ಏಸುಸ್ವಾಮಿ ಎಷ್ಟು ಅನುಭವಿಸಿದರು, ನಿನ್ನದು ಅದರ ಮುಂದೆ ಎಷ್ಟರದು, ನಿನ್ನ ಶಿಲುಬೆಯನ್ನು ನೀನು ಹೊರಬೇಕು, ಅದರಿಂದ ಅವನ ಆತ್ಮವೂ ಉಳಿದೀತು ಎಂದರು. ಮೃದುವಾಗಿಯೇ ಹೇಳಿದರು. ಚಿಕ್ಕಮ್ಮ ತಲೆ ತಗ್ಗಿಸಿಕೊಂಡು ಕೇಳಿದಳು. ಎದ್ದು ಟ್ರಂಕಿನ ಹತ್ತಿರ ಹೋಗುತ್ತಾಳೇನೋ ಎನಿಸಿತು.

ಅವ್ವ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. “ಸ್ವಾಮಿ, ಏಸುಸ್ವಾಮಿ ತಾನಾಗಿ ಹೊತ್ತರು. ಇವಳ ಮೇಲೆ ಹೊರಿಸ್ತಿರೋರು ಯಾರು? ಇನ್ನೊಬ್ಬರ ಹೆಗಲ ಮೇಲೆ ಶಿಲುಬೆ ಹೊರಿಸಿದೋರು ಸಿಪಾಯಿಗಳು ಅಂತ ನಾನು ಕೇಳಿದ್ದೀನಿ. ನೀವು ಆ ಕೆಲಸ ಮಾಡಬೇಡಿ. ಚಹಾ ಕುಡಿದು ಹೋಗಿ” ಎಂದಳು. ದನಿ ಏರಿಸಲಿಲ್ಲ. ಅವರು ಚಹಾ ಕುಡಿದೇ ಹೋದರು.

ಅವ್ವ ಹೇಳಿದ್ದು ಶಿಲುಬೆ ಹಾದಿಯ ಐದನೆಯ ಸ್ಥಳದ ವಿಷಯ. ಹೊಲದ ಕಡೆಯಿಂದ ಬರುತ್ತಿದ್ದ ಸಿರೇನ್ ಊರಿನ ಸಿಮೋನನನ್ನು ರೋಮನ್ ಸಿಪಾಯಿಗಳು ಹಿಡಿದು ನಿಲ್ಲಿಸಿ, ಬಿದ್ದು ಏಳುತ್ತಿದ್ದ ಏಸುವಿನ ಶಿಲುಬೆಯನ್ನು ಅವನ ಮೇಲೆ ಹೊರಿಸುತ್ತಾರೆ. ಅಲೆಕ್ಸಾಂಡರ್, ರೂಫ ಎಂಬ ಮಕ್ಕಳ ತಂದೆ ಎಂದು ಮಾರ್ಕ ಅವನ ಗುರುತು ಕೊಡುತ್ತಾನೆ. ನೂರಾರು ಸಲ ಆ ಚಿತ್ರದ ಮುಂದೆ ಮೊಣಕಾಲೂರಿದ್ದರೂ ಅಲ್ಲಿ ಮೂವರಿದ್ದಾರೆ ಎಂದು ಅವ್ವ ಹೇಳುವವರೆಗೂ ನನಗೆ ಕಂಡಿರಲಿಲ್ಲ. ಹೊರುತ್ತಿರುವವನು, ಹೆಗಲು ಕೊಟ್ಟವನು, ಹೊರಿಸುತ್ತಿರುವವರು. ಏಸುಸ್ವಾಮಿ ಶಿಲುಬೆ ಹೊತ್ತು ನನ್ನ ಹಿಂದೆ ಬನ್ನಿ ಎಂದದ್ದು ನಿಜ. ಅದು ಬರಲು ಮನಸ್ಸಿರುವವರಿಗೆ ಹೇಳಿದ ಮಾತು. ಅದನ್ನು ಎತ್ತಿ ಏಟು ತಿಂದವಳ ಮೇಲೆ ಹಾಕಿದರೆ ಹೇಳುವವನು ನಿಂತಿರುವ ಜಾಗ ಯಾವುದು ಎಂದು ಆ ಚಿತ್ರವೇ ತೋರಿಸುತ್ತದೆ. ಏಸುವೇ ಎಷ್ಟು ಸಲ ತಪ್ಪಿಸಿಕೊಂಡಿಲ್ಲ! ನಜರೇತಿನವರು ಬೆಟ್ಟದ ತುದಿಯಿಂದ ದೂಡಲು ಹೋದಾಗ ಜನರ ನಡುವಿನಿಂದಲೇ ಹೊರಟುಹೋದರು. ಜೆರುಸಲೇಮಿನಲ್ಲಿ ಕಲ್ಲೆತ್ತಿಕೊಂಡಾಗ ಮರೆಯಾದರು. ಒಂದು ಊರಿನಲ್ಲಿ ಹಿಂಸಿಸಿದರೆ ಇನ್ನೊಂದು ಊರಿಗೆ ಓಡಿಹೋಗಿ ಎಂದು ಶಿಷ್ಯರಿಗೆ ಹೇಳಿಕೊಟ್ಟರು. ಕೈಗೂಸಾಗಿದ್ದಾಗ ಅವರನ್ನು ಎತ್ತಿಕೊಂಡು ಜೋಸೆಫ್ ಮರಿಯ ರಾತ್ರೋರಾತ್ರಿ ಈಜಿಪ್ಟಿಗೆ ಹೋದರಲ್ಲ, ಅವರಿಗೆ ಯಾರೂ ನಿಮ್ಮ ಶಿಲುಬೆ ಹೊರಿ ಎನ್ನಲಿಲ್ಲ.

ಫ್ರೆಂಚ್ ಚಿಂತಕ ರೆನೆ ಜಿರಾರ್ ಬದುಕನ್ನೆಲ್ಲ ಬಲಿಯ ಕಥೆಗಳನ್ನು ಓದುವುದರಲ್ಲೇ ಕಳೆದರು. ಊರಿಗೆ ಸಂಕಟ ಬಂದಾಗ ಎಲ್ಲರೂ ಸೇರಿ ಒಬ್ಬರನ್ನು ಆರಿಸುತ್ತಾರೆ, ಆ ಒಬ್ಬರು ಹೋದ ಮೇಲೆ ಊರಿಗೆ ಸಮಾಧಾನ, ಆಮೇಲೆ ಕಥೆ ಕಟ್ಟುವವರು ಊರಿನವರೇ, ಹಾಗಾಗಿ ಪುರಾಣಗಳಲ್ಲಿ ಬಲಿಯಾದವರದೇ ತಪ್ಪು ಎಂಬಂತೆ ಇರುತ್ತದೆ ಎಂದರು. ಬೈಬಲು, ಅದರಲ್ಲೂ ಶಿಲುಬೆಯ ಕಥೆ, ಬಲಿಯಾದವನ ಕಡೆಯಿಂದ ನೋಡಿ ಅವನು ನಿರಪರಾಧಿ ಎಂದು ಸಾರುತ್ತದೆ, ಅಲ್ಲಿಗೆ ಆ ಹಳೆಯ ವ್ಯವಸ್ಥೆಯ ಗುಟ್ಟು ಬಯಲಾಯಿತು ಎಂಬುದು ಅವರ ವಾದ. ಇದನ್ನು ಓದಿದಾಗ ನನಗೆ ನಮ್ಮ ಗದ್ದೆಯ ಹೆಂಗಸರು ನೆನಪಾದರು. ಜಿರಾರ್ ‘ಕೆರೆಗೆ ಹಾರ’ ಕೇಳಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ! ಆ ಹಾಡು ಗೌಡನ ಕಡೆಗಿಲ್ಲ. ಕೆರೆ ತುಂಬಿದ ಸಂಭ್ರಮ ಅದರಲ್ಲಿ ಇಲ್ಲವೇ ಇಲ್ಲ. ಮೊದಲಿನಿಂದ ಕೊನೆಯವರೆಗೆ ಅದು ಭಾಗೀರಥಿಯ ಜೊತೆ ನಡೆಯುತ್ತದೆ. ಕಳೆ ಕೀಳುತ್ತ ಅದನ್ನು ಹಾಡಿದವರಿಗೆ ಬಲಿಯ ಅನ್ಯಾಯ ಎಂದೋ ಗೊತ್ತಿತ್ತು. ಬೈಬಲಿನಲ್ಲಿ ಅಬ್ರಹಾಮ ಮಗ ಇಸಾಕನನ್ನು ಮೊರೀಯದ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಕತ್ತಿ ಎತ್ತಿದಾಗ ದೇವದೂತ ಕೂಗಿ ನಿಲ್ಲಿಸುತ್ತಾನೆ. ಭಾಗೀರಥಿಯ ಕೆರೆಯಲ್ಲಿ ಹಾಗೆ ಕೂಗುವವರು ಇರಲಿಲ್ಲ. ಆ ಕೂಗನ್ನೇ ಹೆಂಗಸರು ಇಷ್ಟು ತಲೆಮಾರುಗಳಿಂದ ಹಾಡುತ್ತ ಬಂದಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಹಿಬ್ರಿಯರಿಗೆ ಬರೆದ ಪತ್ರದಲ್ಲಿ ಕ್ರಿಸ್ತನ ಬಲಿ ಒಂದೇ ಸಾರಿ, ಎಂದೆಂದಿಗೂ ಸಾಕಾಗುವಂಥದ್ದು ಎಂದು ಒತ್ತಿ ಒತ್ತಿ ಹೇಳಿದೆ. ಸಾಕಾಗಿದೆ ಎಂದಮೇಲೆ ಇನ್ನೊಬ್ಬಳನ್ನು ಇಳಿಸುವ ಮಾತು ಎಲ್ಲಿಂದ ಬಂತು?

ಹಾಗೆಂದು ತಾನಾಗಿ ಹೊರುವವರು ಇಲ್ಲವೆಂದಲ್ಲ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳು, ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿ, ಮಲಗಿದ್ದ ಗಾಡಿಗೆ ಹಚ್ಚಿದ ಬೆಂಕಿಯಲ್ಲಿ ಸುಟ್ಟುಹೋದ ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಅವರ ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಮಗಳೊಂದಿಗೆ ಬಾರಿಪದದಲ್ಲೇ ಉಳಿದು ಕುಷ್ಠರೋಗಿಗಳ ಆಶ್ರಮದ ಕೆಲಸ ಮುಂದುವರಿಸಿದರು. 2005ರಲ್ಲಿ ಸರ್ಕಾರ ಪದ್ಮಶ್ರೀ ಕೊಟ್ಟಿತು. ಅವ್ವ ಆ ಹೆಣ್ಣುಮಗಳ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಪ್ರಾರ್ಥನೆ ಪುಸ್ತಕದಲ್ಲಿ ಇಟ್ಟುಕೊಂಡಳು. ಆದರೆ ಮುಂದೆ ಪ್ರಸಂಗಗಳಲ್ಲಿ ಗ್ಲಾಡಿಸರ ಹೆಸರು ಹೇಳಿ, ಅವರು ಕ್ಷಮಿಸಲಿಲ್ಲವೆ, ನೀವೂ ಕ್ಷಮಿಸಬೇಕು ಎಂದು ಗಾಯ ಹಸಿಯಿದ್ದವರಿಗೆ ಹೇಳುವುದು ಶುರುವಾದಾಗ ಅವಳ ಮುಖ ಗಂಟಾಗುತ್ತಿತ್ತು. ಒಬ್ಬರ ಕೊಡುಗೆಯನ್ನು ಇನ್ನೊಬ್ಬರ ಮೇಲೆ ತೆರಿಗೆಯಾಗಿ ಹಾಕಬಾರದು. ಗ್ಲಾಡಿಸರ ಕ್ಷಮೆ ದೊಡ್ಡದಾದದ್ದೇ ಅದನ್ನು ಅವರಿಂದ ಯಾರೂ ವಸೂಲು ಮಾಡದ್ದರಿಂದ.

ಎರಡನೆಯ ಜಾನ್ ಪೌಲ್ ಪೋಪರು 1984ರ ಫೆಬ್ರುವರಿ 11ರಂದು ಮನುಷ್ಯನ ನೋವಿನ ಅರ್ಥದ ಬಗ್ಗೆಯೇ ಒಂದು ದೀರ್ಘ ಪತ್ರ ಬರೆದರು. ಮೂರು ವರ್ಷದ ಹಿಂದೆ ಗುಂಡೇಟು ತಿಂದು ಸಾವಿನ ಬಾಯಿಂದ ಬಂದಿದ್ದವರು ಅವರು. ನೋವು ಅನುಭವಿಸುವವರು ಕ್ರಿಸ್ತನ ನೋವಿನಲ್ಲಿ ಪಾಲುದಾರರು ಎಂದು ಅದರಲ್ಲಿ ಬಹಳ ಆಳವಾಗಿ ಬರೆದಿದ್ದಾರೆ. ನನಗೆ ಹಿಡಿಸಿದ್ದು ಪತ್ರ ಮುಗಿಯುವ ಹೊತ್ತಿಗೆ ಅವರು ಬಂದು ನಿಲ್ಲುವ ಜಾಗ. ದರೋಡೆಗೆ ಸಿಕ್ಕಿ ದಾರಿಯಲ್ಲಿ ಬಿದ್ದವನನ್ನು ಕಂಡು ಕತ್ತೆಯಿಂದಿಳಿದ ಸಮಾರಿಯದವನ ಕಥೆಗೆ ಬರುತ್ತಾರೆ. ನೋವಿನಿಂದ ಒಳ್ಳೆಯದು ಮಾಡುವುದು ಒಂದು, ನೋವಿನಲ್ಲಿರುವವರಿಗೆ ಒಳ್ಳೆಯದು ಮಾಡುವುದು ಇನ್ನೊಂದು, ಕ್ರಿಸ್ತ ಎರಡನ್ನೂ ಕಲಿಸಿದ ಎನ್ನುತ್ತಾರೆ. ಇವೆರಡರಲ್ಲಿ ಮೊದಲನೆಯದನ್ನು ನನ್ನ ಬಗ್ಗೆ ನಾನು ಮಾತ್ರ ಹೇಳಿಕೊಳ್ಳಬಹುದು. ಎರಡನೆಯದನ್ನು ಮಾತ್ರ ಇನ್ನೊಬ್ಬರ ಬಗ್ಗೆ ಹೇಳಬಹುದು. ಅದಲುಬದಲು ಮಾಡಿದವರ ಕೈಯಲ್ಲಿ ಧರ್ಮ ಕೆಡುತ್ತದೆ.

ಚಿಕ್ಕಮ್ಮ ಹಿಂತಿರುಗಿ ಹೋಗಲಿಲ್ಲ. ಶಿಕಾರಿಪುರದ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡುಗೆ ಕೆಲಸ ಹಿಡಿದಳು. ದಿನಾ ಬೆಳಗಿನ ಬಸ್ಸಿಗೆ ಹೋಗಿ ಕತ್ತಲಿಗೆ ಬರುತ್ತಿದ್ದಳು. ಕೆಲವರು ಚರ್ಚಿನಲ್ಲಿ ಅವಳ ಪಕ್ಕ ಕೂರುತ್ತಿರಲಿಲ್ಲ. ಪರಮ ಪ್ರಸಾದಕ್ಕೆ ಅವಳು ಎದ್ದಾಗ ತಿರುಗಿ ನೋಡುವವರಿದ್ದರು. ಅವಳು ಎದ್ದೇ ಏಳುತ್ತಿದ್ದಳು.

ಬಹಳ ವರ್ಷಗಳ ಮೇಲೆ ಅವಳ ಗಂಡನಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಯಿತು, ನೋಡುವವರು ಯಾರೂ ಇಲ್ಲ ಎಂದು ಸುದ್ದಿ ಬಂತು. ಯಾರೂ ಅವಳನ್ನು ಹೋಗೆನ್ನಲಿಲ್ಲ. ಅವ್ವನಂತೂ ಬೇಡವೆಂದೇ ಜಗಳವಾಡಿದಳು. ಚಿಕ್ಕಮ್ಮ ಹಾಸ್ಟೆಲಿನಲ್ಲಿ ಸಂಬಳವಿಲ್ಲದ ರಜೆ ಕೇಳಿ, ಉಳಿತಾಯದ ಪಾಸ್‌ಬುಕ್ಕನ್ನು ಅವ್ವನ ಕೈಗೆ ಕೊಟ್ಟು, “ಅವನ ಕಡೆಯವರು ಬಂದು ಕೇಳಿದ್ರೆ ಒಂದು ರೂಪಾಯಿ ಕೊಡಬೇಡ ಅಕ್ಕಾ” ಎಂದು ಹೇಳಿ ಹೋದಳು. ಅವನ ಮನೆಯಲ್ಲಿ ತನಗೆಂದು ಬೇರೆ ಕೋಣೆ, ಬೇರೆ ಬೀಗ ಮಾಡಿಕೊಂಡಳು. ತೊಳೆದಳು, ಉಣ್ಣಿಸಿದಳು, ಹುಣ್ಣಾಗದಂತೆ ಮಗ್ಗುಲು ಬದಲಿಸಿದಳು. ಮುಂದಿನ ಮಳೆಗಾಲದಲ್ಲಿ ಅವನು ತೀರಿಕೊಂಡ. ಮಣ್ಣು ಮಾಡಿದ ದಿನ, ಹಿಂದೆ ನಮ್ಮ ಮನೆಗೆ ಬಂದಿದ್ದ ಅದೇ ಹಿರಿಯರು, ಈಗ ಮುಪ್ಪಾಗಿದ್ದವರು, ಎಲ್ಲರ ಮುಂದೆ ಅವಳ ಕೈ ಹಿಡಿದು ಕೊನೆಗೂ ನಿನ್ನ ಶಿಲುಬೆ ಹೊತ್ತೆ ಮಗಳೇ ಎಂದು ಕಣ್ಣೀರು ಹಾಕಿದರು. ಚಿಕ್ಕಮ್ಮ ಕೈ ಬಿಡಿಸಿಕೊಳ್ಳಲಿಲ್ಲ. “ಅವತ್ತು ನೀವು ಹೇಳಿದಾಗ ಹೋಗಿದ್ರೆ, ಇವತ್ತಿಗೆ ನಾನೇ ಇರ್ತಿರಲಿಲ್ಲ ಅಣ್ಣಾ” ಎಂದಳು.

ಮರಳಿ ಬರುವಾಗ ಬಸ್ಸಿನಲ್ಲಿ ನಾನು ಅವಳ ಪಕ್ಕ ಕುಳಿತಿದ್ದೆ. ಅವನನ್ನು ಕ್ಷಮಿಸಿಬಿಟ್ಟಿಯಾ ಎಂದು ಕೇಳಿದೆ. ಅವಳು ಕಿಟಕಿಯ ಗಾಜು ಮೇಲೆತ್ತಿ ಸಿಕ್ಕಿಸಿ, ಸ್ವಲ್ಪ ಹೊತ್ತು ಯೋಚಿಸಿದಳು.

“ಅವನು ಕೇಳಲೂ ಇಲ್ಲ, ನಾನು ಕೊಡಲೂ ಇಲ್ಲ” ಎಂದಳು. “ಆದ್ರೆ ನೀರು ಕುಡಿಸೋಕೆ ಒಬ್ರು ಬೇಕಿತ್ತಲ್ಲ. ಹಾಸ್ಟೆಲಿನವರು ಸೋಮವಾರದಿಂದ ಬಾ ಅಂದಿದ್ದಾರೆ. ಹುಡುಗಿಯರಿಗೆ ಪರೀಕ್ಷೆ.”